ಸೈಟಲ್ಲಿ ನನ್ನ ಮೊದಲ ವರ್ಷ

ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ಬಿಲ್ಲಿಂಗ್ ಟೇಬಲ್‌ಗೆ ಕೂರಿಸಿದರು. "ಸೈಟಲ್ಲಿ ಧೂಳು, ಬಿಸಿಲು. ನಿಮಗ್ಯಾಕೆ ಮೇಡಂ?" ಎಂದರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ನನ್ನ ಜೊತೆ ಸೇರಿದ ಹುಡುಗರೆಲ್ಲ ಸೈಟಿಗೆ ಹೋದರು. ಕಾಂಕ್ರೀಟ್ ಹಾಕುವುದನ್ನೇ ನೋಡದೆ ಐದು ವರ್ಷ ಬಿಲ್ ಬರೆದರೆ ನನ್ನ ಕೈಗೆ ಯಾರು ಪ್ರಾಜೆಕ್ಟ್ ಕೊಡುತ್ತಾರೆ? ತಿಂಗಳು ಬಿಟ್ಟು ಬರೆದುಕೊಟ್ಟೆ, ನನಗೆ ಸೈಟ್ ಬೇಕು ಅಂತ. ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿಗೆ ಹಾಕಿದರು.

ಮೊದಲು ಕಬ್ಬಿಣ ಕಟ್ಟುವವರ ಜೊತೆ ಇದ್ದೆ. ಕಾಲೇಜಲ್ಲಿ ಎಷ್ಟೋ ಬೀಮ್ ಡಿಸೈನ್ ಮಾಡಿದ್ದೆ, ರಾಡುಗಳನ್ನು ಸುತ್ತಿ ಹಿಡಿಯುವ ಒಂದು ರಿಂಗ್ ಕೈಲಿ ಹಿಡಿದಿರಲಿಲ್ಲ. ಬೈಂಡಿಂಗ್ ವೈರ್ ಸುತ್ತುವುದನ್ನು ಮೇಸ್ತ್ರಿಯೇ ಕಲಿಸಿದರು. ರಾಡಿನ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ರಾಡಿಗೆ ಸುಮಾರು 0.89. ಕಬ್ಬಿಣದ ಲೋಡ್ ಬಂದಾಗ ಇದನ್ನು ನಿಂತಲ್ಲೇ ಲೆಕ್ಕ ಹಾಕಿ ಹೇಳಲು ಶುರು ಮಾಡಿದ ಮೇಲೆ ಸ್ಟೋರ್‌ನವರು ನನ್ನನ್ನೇ ಕೇಳತೊಡಗಿದರು.

ಕಷ್ಟ ಆಗಿದ್ದು ಕಾಂಕ್ರೀಟ್ ದಿನ. ಮಿಕ್ಸರ್ ಲಾರಿ ಬಂದರೆ ಸಾಕು, ಸಲೀಸಾಗಿ ಹರಿಯಲಿ ಅಂತ ಕಂಟ್ರಾಕ್ಟರ್ ಕಡೆಯವರು ಡ್ರೈವರ್‌ಗೆ ಹೇಳಿ ನೀರು ಬಿಡಿಸುತ್ತಿದ್ದರು. ಬೇಡ ಎಂದೆ. "ಎಲ್ಲ ಕಡೆ ಹೀಗೇ ಮೇಡಂ" ಎಂದರು. ನೀರು ಜಾಸ್ತಿ ಆದರೆ ಕಾಂಕ್ರೀಟಿನ ಬಲ ಕಡಿಮೆಯಾಗುತ್ತದೆ. ಆ ಸ್ಲ್ಯಾಬ್ ಕೆಳಗೆ ನಾಳೆ ಮಕ್ಕಳು ಮಲಗುತ್ತಾರೆ, ಅಲ್ವಾ? ಬಾಯಿಮಾತು ನಡೆಯುವುದಿಲ್ಲ ಅಂತ ಗೊತ್ತಾಯಿತು. ಮುಂದಿನ ಸಲದಿಂದ ಪ್ರತಿ ಲಾರಿಗೂ ಸ್ಲಂಪ್ ಕೋನ್ ಇಟ್ಟೆ. 30 ಸೆಂಟಿಮೀಟರ್ ಎತ್ತರದ ಕೋನ್ ಅದು. ಕಾಂಕ್ರೀಟ್ ತುಂಬಿ, ಕೋನ್ ಎತ್ತಿದಾಗ ರಾಶಿ ಎಷ್ಟು ಕುಸಿಯಿತು ಅಂತ ಅಳೆಯುವುದು. ನೀರು ಜಾಸ್ತಿ ಇದ್ದರೆ ಹೆಚ್ಚು ಕುಸಿಯುತ್ತದೆ. ನಮಗೆ ಬೇಕಿದ್ದದ್ದು 100 ಎಂಎಂ. ಒಂದು ಲಾರಿಯದ್ದು 170 ಬಂತು. ವಾಪಸ್ ಕಳಿಸಿದೆ. ರಿಜಿಸ್ಟರ್‌ನಲ್ಲಿ ಬರೆಯುವಾಗ ಕೈ ನಡುಗುತ್ತಿತ್ತು. ಕಂಟ್ರಾಕ್ಟರ್ ಸಿಟ್ಟಾಗಿ ಮೇಲಿನವರಿಗೆ ಫೋನ್ ಮಾಡಿದರು. ನಮ್ಮ ಸೀನಿಯರ್ ಬಂದು, ರಿಜಿಸ್ಟರ್ ನೋಡಿ, ಕೆಳಗೆ ಸಹಿ ಹಾಕಿದರು. ಆಮೇಲೆ ನನ್ನನ್ನು ಕೇಳದೆ ಯಾರೂ ನೀರು ಬಿಡಲಿಲ್ಲ.

ಶೌಚಾಲಯದ ವಿಷಯ ಹೇಳಲೇಬೇಕು. ಸೈಟಲ್ಲಿ ಹೆಂಗಸರಿಗೆ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯದೆ ಇದ್ದು ಉರಿಮೂತ್ರ ಬಂತು, ಮೂರು ದಿನ ಜ್ವರ. ಇದನ್ನೂ ನಾಚಿಕೆ ಪಡದೆ ಬರವಣಿಗೆಯಲ್ಲೇ ಕೇಳಿದೆ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಸೈಟಲ್ಲಿ ಶೌಚಾಲಯ ಇರಲೇಬೇಕು ಎನ್ನುತ್ತಿತ್ತು, ಆ ಸಾಲನ್ನೂ ಸೇರಿಸಿದೆ. ಎರಡು ವಾರದಲ್ಲಿ ತಗಡಿನದ್ದೊಂದು ಬಂತು, ಬೀಗ ಸಮೇತ.

ಅವತ್ತು ಜಲ್ಲಿ ಹೊರುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬರು ಬುಟ್ಟಿ ಇಳಿಸಿ ಬಂದರು. ಇಷ್ಟು ದಿನ ಅವರೆಲ್ಲ ಏನು ಮಾಡುತ್ತಿದ್ದರು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

"ಅಕ್ಕಾರ, ಕೀಲಿ ಯಾರ ಕಡೆ ಇರ್ತೈತ್ರಿ?"

ಒಂದು ಕೀಲಿ ಅವರ ಕೈಗೇ ಕೊಟ್ಟೆ.