ವಿಂಡ್‌ಹೋಕ್‌ನ ಹಳೇ ಕೋಟೆ ನೋಡಲು ಹೋಗುವವರಿಗೆ

ನಮೀಬಿಯಾಕ್ಕೆ ಹೋಗುವವರು ಸಾಮಾನ್ಯವಾಗಿ ಮರಳುಗುಡ್ಡ ನೋಡುವ ಅವಸರದಲ್ಲಿರುತ್ತಾರೆ. ರಾಜಧಾನಿ ವಿಂಡ್‌ಹೋಕ್‌ಗೆ ಅರ್ಧ ದಿನ ಇಡಿ. ರಾಬರ್ಟ್ ಮುಗಾಬೆ ರಸ್ತೆಯಲ್ಲಿ, ಆಗ ಈ ನಾಡನ್ನು ವಸಾಹತು ಮಾಡಿಕೊಂಡಿದ್ದ ಜರ್ಮನ್ನರು 1890ರಲ್ಲಿ ಕಟ್ಟಿದ ಆಲ್ಟೆ ಫೆಸ್ಟೆ ಇದೆ. ಹೆಸರಿನ ಅರ್ಥವೇ ಹಳೇ ಕೋಟೆ. ನಮ್ಮ ಚಿತ್ರದುರ್ಗ ಮನಸ್ಸಲ್ಲಿಟ್ಟುಕೊಂಡು ಹೋದರೆ ನಿರಾಸೆಯೇ. ಬಿಳಿ ಸುಣ್ಣದ ಗೋಡೆ, ಮೂಲೆಗೊಂದು ಗೋಪುರ, ಅಷ್ಟೇ.

ನೋಡಬೇಕಾದ್ದು ಅಂಗಳದಲ್ಲಿರುವ ಕಂಚಿನ ಕುದುರೆ ಸವಾರ. ಕೈಯಲ್ಲಿ ಬಂದೂಕು ಹಿಡಿದ ಜರ್ಮನ್ ಸೈನಿಕ. 1912ರಲ್ಲಿ ಇದನ್ನು ನಿಲ್ಲಿಸಿದಾಗ ಸತ್ತ ಜರ್ಮನ್ನರನ್ನು ಮಾತ್ರ ನೆನೆದರು. 1904ರಿಂದ 1908ರವರೆಗೆ ಜರ್ಮನ್ ಸೈನ್ಯ ಸಾವಿರಾರು ಸ್ಥಳೀಯ ಹೆರೆರೊ, ನಾಮಾ ಜನರನ್ನು ಕೊಂದದ್ದರ ಬಗ್ಗೆ ಒಂದಕ್ಷರವಿಲ್ಲ. ಕೋಟೆಯ ಪಕ್ಕದಲ್ಲೇ ಅವರನ್ನು ಕೂಡಿಹಾಕಿದ್ದ ಶಿಬಿರವೂ ಇತ್ತು. ಸಿಟ್ಟು ಬರದೇ ಇರುತ್ತಾ? 2013ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿಯವರೆಗೆ ಹೊರಗಿದ್ದ ಸವಾರನನ್ನು ಎತ್ತಿ ಕೋಟೆಯ ಅಂಗಳದೊಳಗಿಟ್ಟರು.

ಕೋಟೆಯ ಒಳಗೆ ಬಿಡುತ್ತಾರಾ ಅಂತ ಹೋಟೆಲಿನಲ್ಲೇ ಕೇಳಿಕೊಂಡು ಹೊರಡಿ. ಬಾಗಿಲು ಹಾಕಿದ್ದರೂ ಬೇಸರ ಬೇಡ. ಪಕ್ಕದ ಸ್ವಾತಂತ್ರ್ಯ ಮ್ಯೂಸಿಯಂನ ಗಾಜಿನ ಲಿಫ್ಟ್‌ನಲ್ಲಿ ಮೇಲೆ ಹೋದರೆ ಊರೆಲ್ಲಾ ಕಾಣುತ್ತದೆ. ಕೋಟೆಯ ಮುಂದೆ, ಹಾಗೆ ಸತ್ತ ಜನರ ನೆನಪಿಗೆ, ಸಂಕೋಲೆ ಕಡಿದುಕೊಂಡ ಗಂಡು ಹೆಣ್ಣಿನ ಹೊಸ ಪ್ರತಿಮೆಯಿದೆ. ಅದರ ಬುಡದಲ್ಲಿ ಐದು ನಿಮಿಷ ನಿಲ್ಲಿ. ಅಲ್ಲಿ ಸುಮ್ನೆ ಹಲ್ಲು ಕಿರಿದು ಸೆಲ್ಫಿ ಬೇಡ.

ಬೆಳಗ್ಗೆ ಬೇಗ ಹೋಗಿ, ಟೋಪಿ ಮರೆಯಬೇಡಿ. ಅಲ್ಲಿನ ಬಿಸಿಲು ಜಾಸ್ತಿ ಚುರುಕು.