ತೋಟದ ಟಿಸಿ ಸುಡದಂತೆ ನೋಡಿಕೊಳ್ಳುವ ಬಗೆ

ಹೊಳಲ್ಕೆರೆ, ಹಿರಿಯೂರು ಕಡೆಯ ಅಡಿಕೆ ತೋಟಗಳಲ್ಲಿ ಬೇಸಿಗೆ ಬಂತೆಂದರೆ ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಸುಟ್ಟ ಸುದ್ದಿಯೂ ಬರುತ್ತದೆ. ಸಿಡಿಲು ಬಡಿದದ್ದನ್ನು ಬಿಟ್ಟರೆ, ಅದನ್ನು ಸುಡುವುದು ಬಹುಮಟ್ಟಿಗೆ ಅದರಡಿಯ ಪಂಪ್‌ಸೆಟ್‌ಗಳೇ. ಆದ್ದರಿಂದ ಕೆಲಸ ನಮ್ಮ ಸ್ಟಾರ್ಟರ್ ಪೆಟ್ಟಿಗೆಯಿಂದಲೇ ಶುರುವಾಗಬೇಕು.

ಮೊದಲು ಹೊರೆಯ ಲೆಕ್ಕ ಹಾಕಿರಿ. 25 ಕೆವಿಎ ಸಾಮರ್ಥ್ಯದ ಟಿಸಿ 433 ವೋಲ್ಟಿನಲ್ಲಿ ಪ್ರತಿ ಫೇಸಿಗೆ ತಾಳುವುದು ಸುಮಾರು 33 ಆಂಪಿಯರ್. 63 ಕೆವಿಎ ಆದರೆ 84. 5 ಎಚ್‌ಪಿ ಮೋಟಾರು 7ರಿಂದ 8 ಆಂಪಿಯರ್ ಎಳೆಯುವುದರಿಂದ, 25 ಕೆವಿಎಗೆ ನಾಲ್ಕು ಮೋಟಾರು ಸಾಕು, ಐದನೆಯದು ಹೆಚ್ಚು. ಪ್ರತಿ ಮೋಟಾರನ್ನೂ ಎಲೆಕ್ಟ್ರಿಷಿಯನ್‌ನಿಂದ ಟಾಂಗ್ ಟೆಸ್ಟರ್‌ನಲ್ಲಿ (ತಂತಿಗೆ ಕಚ್ಚಿಸಿ ಕರೆಂಟು ಅಳೆಯುವ ಮೀಟರ್) ಅಳೆಸಿರಿ. ನೀರು ಆಳಕ್ಕಿಳಿದಂತೆ 5ರ ಜಾಗದಲ್ಲಿ 7.5 ಎಚ್‌ಪಿ ಇಳಿಸಿದವರು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ.

ದೊಡ್ಡ ಪೆಟ್ಟು ಬೀಳುವುದು ಕರೆಂಟು ಬಂದ ಕೂಡಲೇ ಮೋಟಾರನ್ನು ತಾನಾಗಿ ಚಾಲೂ ಮಾಡುವ ಆಟೋ ಸ್ಟಾರ್ಟರ್‌ನಿಂದ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣಗಳಲ್ಲಿ ಮಾಮೂಲಿನ ಆರು ಪಟ್ಟಿನವರೆಗೂ ಕರೆಂಟು ಎಳೆಯುತ್ತದೆ; ತ್ರೀಫೇಸ್ ಬಂದ ಕೂಡಲೇ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ಟಿಸಿಯ ಕಾಯಿಲ್‌ಗಳ ಮೇಲೆ ಬೀಳುವ ಏಟು ಎಂಥದ್ದೆಂದು ಊಹಿಸಿರಿ. ಟೈಮರ್ ಹಾಕಿಸಿ, ಒಬ್ಬರದು 1 ನಿಮಿಷಕ್ಕೆ, ಮುಂದಿನವರದು 2 ನಿಮಿಷಕ್ಕೆ, ಹೀಗೆ ಸರದಿ ಇಟ್ಟುಕೊಳ್ಳಿರಿ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ಕಂಡೆನ್ಸರ್ ಕಟ್ಟಿ ಮೋಟಾರು ಓಡಿಸುವುದನ್ನೂ ಬಿಡಬೇಕು. ಅದರಿಂದ ಹೊರೆ ಒಂದೇ ಕಡೆ ವಾಲುತ್ತದೆ.

ನಮ್ಮ ಪಕ್ಕದ ಟಿಸಿ ಸುಟ್ಟಾಗ, ಫ್ಯೂಸಿನ ಪಿಂಗಾಣಿ ಹಿಡಿಯಲ್ಲಿ ಹಳೆಯ ಅಲ್ಯೂಮಿನಿಯಂ ತಂತಿಯ ಎಳೆಯನ್ನು ಮೂರು ಸುತ್ತು ಹೊಸೆದು ಕಟ್ಟಿದ್ದು ಕಂಡಿತು. ಎಳೆ ಹೊಸದರಂತೆ ಹೊಳೆಯುತ್ತಿತ್ತು, ಒಳಗಿನ ಕಾಯಿಲ್ ಕರಿಯಾಗಿತ್ತು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ಎಲ್ಲೋ ದೋಷವಿದೆ ಎಂದು ಅರ್ಥ. ದಪ್ಪ ತಂತಿ ಕಟ್ಟುವುದು ಪರಿಹಾರವಲ್ಲ.

ಉಳಿದದ್ದನ್ನು ನೆಲದ ಮೇಲೆ ನಿಂತೇ ನೋಡಬಹುದು: ಎಣ್ಣೆ ಸೋರಿದ ಕಲೆ, ಬ್ರೀದರ್‌ನಲ್ಲಿ (ಟಿಸಿಯೊಳಗೆ ಹೋಗುವ ಗಾಳಿಯ ತೇವ ಹೀರುವ ಡಬ್ಬಿ) ನೀಲಿಯಿಂದ ಗುಲಾಬಿಗೆ ತಿರುಗಿದ ಸಿಲಿಕಾ ಜೆಲ್ ಹರಳು, ಅಂದರೆ ಒಳಗೆ ತೇವ ಸೇರುತ್ತಿದೆ ಎಂಬ ಗುರುತು. ಕಂಡದ್ದನ್ನು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿರಿ, ಕಂಬ ಹತ್ತುವುದು ಲೈನ್‌ಮ್ಯಾನ್ ಕೆಲಸ. ಸುಟ್ಟದ್ದರ ಬದಲಿಗೆ ಹೊಸ ಟಿಸಿ ಬಂದ ದಿನ, ಚಾರ್ಜ್ ಮಾಡುವ (ಕರೆಂಟು ಕೊಡುವ) ಮೊದಲು ಅದರಡಿಯ ಎಲ್ಲ ಸ್ಟಾರ್ಟರ್‌ಗಳನ್ನೂ ಆಫ್ ಮಾಡಿಸಿ, ಆಮೇಲೆ ಒಂದೊಂದಾಗಿ ಹಾಕಿಸಿರಿ.