ಕರೆಂಟ್ ಹೋದರೂ ಲಸಿಕೆ ಕೆಡದಂತೆ ಕಾಯುವುದು ಹೇಗೆ?

ಮಳೆಗಾಲ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ಮರ ಬಿದ್ದು ತಂತಿ ಹರಿಯುವುದು ಮಾಮೂಲು. ಮನೆಯಲ್ಲಿ ಹಾಲು ಒಡೆದರೆ ನೋಡಿದ ಕೂಡಲೇ ತಿಳಿಯುತ್ತದೆ. ಆರೋಗ್ಯ ಕೇಂದ್ರದ ಲಸಿಕೆ ಹಾಗಲ್ಲ. ಸತ್ವ ಕಳೆದುಕೊಂಡರೂ ಅದು ಹುಳಿಯಾಗುವುದಿಲ್ಲ, ವಾಸನೆ ಬರುವುದಿಲ್ಲ. ಅದನ್ನೇ ಚುಚ್ಚಿಸಿಕೊಂಡ ಮಗುವಿನ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಆ ನೆಮ್ಮದಿ ಹುಸಿಯಾಗಬಾರದು ಎಂಬುದಕ್ಕೇ ಶೀತಲ ಸರಪಳಿ, ಅಂದರೆ ತಯಾರಾದಲ್ಲಿಂದ ಚುಚ್ಚುವವರೆಗೂ ಲಸಿಕೆಯನ್ನು ತಣ್ಣಗಿಡುವ ವ್ಯವಸ್ಥೆ ಇರುವುದು.

ಮೊದಲು ಜಾಗದ ಲೆಕ್ಕ ಹಾಕಿ. ನಿಮ್ಮ ಕೇಂದ್ರದ ವ್ಯಾಪ್ತಿಯಲ್ಲಿ ತಿಂಗಳಿಗೆ 40 ಶಿಶುಗಳು ಎಂದಿಟ್ಟುಕೊಳ್ಳಿ. ಐದು ರೋಗಗಳಿಗೆ ಒಂದೇ ಲಸಿಕೆಯಾದ ಪೆಂಟಾವಲೆಂಟ್ ಮೂರು ಸಲ ಕೊಡಬೇಕು, ಅಂದರೆ 120 ಡೋಸ್. ಪೋಲಾಗುವುದಕ್ಕಾಗಿ ಅದನ್ನು 1.11ರಿಂದ ಗುಣಿಸಿ; ಅದಕ್ಕೆ ಕಾಲು ಭಾಗ ಕಾಯ್ದಿರಿಸಿದ ದಾಸ್ತಾನು ಸೇರಿಸಿ. ಸುಮಾರು 167 ಡೋಸ್ ಆಗುತ್ತದೆ. ಹತ್ತು ಡೋಸಿನ ಬಾಟಲಿಯಾದರೆ 17. ಹೀಗೆ ಒಂದೊಂದು ಲಸಿಕೆಗೂ ಲೆಕ್ಕ ಮಾಡಿ, ಪೊಟ್ಟಣದ ಅಳತೆ ತೆಗೆದು ಕೂಡಿಸಿ. ಪೆಂಟಾವಲೆಂಟ್, ಐಪಿವಿ (ಚುಚ್ಚುವ ಪೋಲಿಯೊ ಲಸಿಕೆ), ರೋಟಾವೈರಸ್, ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ) ಎಂದು ಒಂದರ ಹಿಂದೊಂದು ಲಸಿಕೆ ಸೇರಿದಂತೆಲ್ಲ ಹಳೆಯ ಶೀತಲ ಪೆಟ್ಟಿಗೆಯಲ್ಲಿ ಜಾಗ ಇಕ್ಕಟ್ಟಾಗಿದೆ. ಪಲ್ಸ್ ಪೋಲಿಯೊ ಬಂದಾಗ ಎಲ್ಲಿಡುವುದು ಎಂಬುದನ್ನು ಹಿಂದಿನ ತಿಂಗಳೇ ಜಿಲ್ಲಾ ಲಸಿಕಾ ಉಗ್ರಾಣದೊಂದಿಗೆ ಮಾತಾಡಿ ತೀರ್ಮಾನಿಸಬೇಕು. ತಿಂಗಳ ಬೇಡಿಕೆಗಿಂತ ಬಹಳ ಹೆಚ್ಚು ತರಿಸಿ ತುಂಬಿಡುವುದು ಜಾಣತನವಲ್ಲ. ಪೆಟ್ಟಿಗೆ ಕೆಟ್ಟ ದಿನ ಅಷ್ಟೂ ಕೆಡುತ್ತದೆ.

ಲಸಿಕೆ ಇಡಬೇಕಾದದ್ದು ಐಎಲ್‌ಆರ್‌ನಲ್ಲಿ, ಅಂದರೆ ಗೋಡೆಯೊಳಗೆ ಮಂಜುಗಡ್ಡೆಯ ಪದರವಿರುವ, ಮೇಲಿನಿಂದ ತೆರೆಯುವ ಪೆಟ್ಟಿಗೆಯಲ್ಲಿ. ತಣ್ಣನೆಯ ಗಾಳಿ ಭಾರವಾದ್ದರಿಂದ ಮುಚ್ಚಳ ತೆಗೆದರೂ ಕೆಳಗೇ ನಿಲ್ಲುತ್ತದೆ. ಮನೆಯ ಫ್ರಿಜ್ ಬಾಗಿಲು ತೆರೆದರೆ ಅದೇ ಗಾಳಿ ಕಾಲ ಬುಡಕ್ಕೆ ಸುರಿದುಹೋಗುತ್ತದೆ. ಪೆಟ್ಟಿಗೆಯನ್ನು ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರದಲ್ಲಿ, ಬಿಸಿಲು ಬೀಳದ ಕಡೆ, ಮರದ ಮಣೆಯ ಮೇಲೆ ಇಡಿ. ಒಂದು ಯಂತ್ರಕ್ಕೆ ಒಂದು ಸ್ಟೆಬಿಲೈಜರ್. ಒಳಮೈ ಮೇಲೆ ಕಟ್ಟಿದ ಮಂಜು 5 ಮಿಲಿಮೀಟರ್ ದಾಟಿದರೆ ಕರಗಿಸಿ. ನೀರಿನ ಬಾಟಲಿ, ಊಟದ ಡಬ್ಬಿ ಒಳಗೆ ಇಡುವಂತಿಲ್ಲ. ಅವು ಜಾಗ ತಿನ್ನುತ್ತವೆ, ಮುಚ್ಚಳವನ್ನು ಮತ್ತೆ ಮತ್ತೆ ತೆರೆಸುತ್ತವೆ.

ಇನ್ನು ಜೋಡಣೆ. ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಲಸಿಕೆಗೆ ಶತ್ರು ಬಿಸಿಲು ಎಂದೇ ನಾವೆಲ್ಲ ನಂಬಿದ್ದೇವೆ. ಆದರೆ ಹೆಪಟೈಟಿಸ್-ಬಿ, ಪೆಂಟಾವಲೆಂಟ್, ಡಿಪಿಟಿ, ಟಿಡಿ (ಧನುರ್ವಾಯು-ಗಂಟಲಮಾರಿ ಲಸಿಕೆ), ಐಪಿವಿ, ಪಿಸಿವಿಗಳು ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿಸಿದರೂ ಸತ್ವ ಮರಳುವುದಿಲ್ಲ. ಇವುಗಳನ್ನು ಯಾವಾಗಲೂ ಮೇಲಿನ ಬುಟ್ಟಿಯಲ್ಲಿಡಿ. ಬಿಸಿಗೆ ಬೇಗ ಸೋಲುವ ಪೋಲಿಯೊ ಹನಿ, ಬಿಸಿಜಿ, ದಡಾರ-ರುಬೆಲ್ಲಾ ಲಸಿಕೆಗಳು ಬುಡದಲ್ಲಿರಬಹುದು. ಕೇಂದ್ರದ ಡೀಪ್ ಫ್ರೀಜರ್ ಐಸ್‌ಪ್ಯಾಕ್‌ಗೆ ಮಾತ್ರ. ಅದರೊಳಗೆ ಲಸಿಕೆ ಇಡಬೇಡಿ.

ತಾಪಮಾನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ದಿನಕ್ಕೆ ಎರಡು ಬಾರಿ ಓದಿ, ಬರೆಯಿರಿ. ಭಾನುವಾರವೂ, ಹಬ್ಬದ ದಿನವೂ. ಲಸಿಕೆ ದಾಸ್ತಾನು, ತಾಪಮಾನಗಳ ಮೇಲೆ ಆನ್‌ಲೈನ್‌ನಲ್ಲಿ ಕಣ್ಣಿಡುವ ಇವಿನ್ ವ್ಯವಸ್ಥೆಯ ಲಾಗರ್ (ತಾಪಮಾನ ದಾಖಲಿಸುವ ಸಾಧನ) ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತದೆ ನಿಜ, ಆದರೆ ಆ ಸಂದೇಶ ನೋಡಿ ಎದ್ದು ಹೋಗುವ ಮನುಷ್ಯ ಯಾರೆಂಬುದು ಮೊದಲೇ ನಿಗದಿಯಾಗಿರಬೇಕು. ಆ ವ್ಯಕ್ತಿ ರಜೆಯಲ್ಲಿದ್ದರೆ ಯಾರು? ಎರಡು ಹೆಸರು, ಎರಡು ನಂಬರ್, ಕೋಣೆಯ ಬೀಗದ ಕೈ ಎಲ್ಲಿದೆ ಎಂಬುದು ಗೋಡೆಯ ಮೇಲಿರಲಿ.

ಕರೆಂಟ್ ಹೋದ ತಕ್ಷಣ ಮಾಡಬೇಕಾದದ್ದು ಮುಚ್ಚಳ ತೆಗೆಯದಿರುವುದು. ಹೊರಗಿನಿಂದಲೇ ತಾಪಮಾನ ಗಮನಿಸುತ್ತಿರಿ. ಎಂಟರ ಹತ್ತಿರ ಬರುತ್ತಿದ್ದರೆ ಹದಗೊಳಿಸಿದ ಐಸ್‌ಪ್ಯಾಕ್ ತುಂಬಿದ ಕೋಲ್ಡ್ ಬಾಕ್ಸ್‌ಗೆ ಲಸಿಕೆ ವರ್ಗಾಯಿಸಿ, ಕರೆಂಟ್ ಇರುವ ಹತ್ತಿರದ ಕೇಂದ್ರಕ್ಕೆ ಸಾಗಿಸಿ. ಆ ಕೇಂದ್ರ ಯಾವುದು, ಗಾಡಿ ಯಾರದು ಎಂಬ ಮಾತು ಮೇ ತಿಂಗಳಲ್ಲೇ ಆಗಿರಬೇಕು. ಹೊಳೆ ತುಂಬಿದ ರಾತ್ರಿಯಲ್ಲಿ ಅಲ್ಲ.

‘ಹದಗೊಳಿಸಿದ’ ಎಂದೆನಲ್ಲ, ಗುರುವಾರದ ಲಸಿಕಾ ದಿನದ ಅವಸರದಲ್ಲಿ ತಪ್ಪಿಹೋಗುವುದು ಅದೇ. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಕಲ್ಲಿನಂತಿರುತ್ತದೆ. ನೇರವಾಗಿ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಇಟ್ಟರೆ ಪಕ್ಕದ ಬಾಟಲಿ ಹೆಪ್ಪುಗಟ್ಟುತ್ತದೆ. ಮೇಜಿನ ಮೇಲೆ ಬಿಡಿ, ಬೆವರಲಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದರೆ ಹದ ಬಂತು. ಅಂಥ ನಾಲ್ಕನ್ನು ಇಟ್ಟು, ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ನಡುವೆ ಇಡಿ.

ಶಂಕೆ ಬಂದರೆ ಮೊದಲು ಬಾಟಲಿಯ ಮೇಲಿನ ವಿವಿಎಂ, ಅಂದರೆ ಬಿಸಿ ತಾಗಿದಂತೆ ಬಣ್ಣ ಬದಲಿಸುವ ಗುರುತು ನೋಡಿ. ಒಳಗಿನ ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಮಾತ್ರ ಬಳಸಬಹುದು. ಆದರೆ ಇದು ಹೇಳುವುದು ಬಿಸಿಯ ಕಥೆ ಮಾತ್ರ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಕಣ್ಣಿಗೆ ಕಾಣುವಂತೆ ಹೆಪ್ಪುಗಟ್ಟಿದ್ದನ್ನು ಪರೀಕ್ಷೆಯಿಲ್ಲದೆ ತೆಗೆದುಹಾಕಿ. ಪೆಂಟಾವಲೆಂಟ್‌ನಂಥ ಲಸಿಕೆಯ ಬಗ್ಗೆ ಅನುಮಾನವಷ್ಟೇ ಇದ್ದರೆ, ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಅಲ್ಲಾಡಿಸಿ ಪಕ್ಕಪಕ್ಕ ಇಡಿ. ಶಂಕೆಯ ಬಾಟಲಿಯಲ್ಲಿ ಗಸಿ ಅಷ್ಟೇ ಬೇಗ ತಳ ಸೇರಿದರೆ ಅದು ಮಗುವಿಗೆ ಸಲ್ಲದು. ಹಾಗೆ ತೆಗೆದುಹಾಕಿದ್ದನ್ನು ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದ ಸಿಬ್ಬಂದಿಗೆ ಮೇಲಿನವರು ನೋಟಿಸ್ ಕೊಡಬಾರದು. ಕೊಟ್ಟರೆ ಮುಂದಿನ ಸಲ ಆ ಬಾಟಲಿ ಸದ್ದಿಲ್ಲದೆ ಬುಟ್ಟಿಗೆ ಮರಳುತ್ತದೆ.